ಏಳನೇ ಬಾಗಿಲಿಗೆ ಎರಡನೇ ಒಲೆ

ಕೊಪ್ಪದ ನಿವೃತ್ತ ಗುಮಾಸ್ತ ಪುಟ್ಟಸ್ವಾಮಿಯವರು ‘ಏಳು ಬಾಗಿಲ ಕೋಟೆ’ ಎಂಬ ಕಂಪ್ಯೂಟರ್ ಆಟದ ಏಳನೇ ಬಾಗಿಲಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಾಯುತ್ತಿದ್ದಾರೆಂಬುದು ಮದ್ದೂರು ತಾಲ್ಲೂಕಿನಲ್ಲಿ ಯಾರೂ ಅಲ್ಲಗಳೆಯದ ಸಂಗತಿ. ಸರ್ವೀಸಿನಲ್ಲಿದ್ದಾಗ ಆಫೀಸಿನ ಕಂಪ್ಯೂಟರಿನಲ್ಲಿ ಸತ್ತರು, ಈಗ ಮನೆಯದರಲ್ಲಿ ಸಾಯುತ್ತಾರೆ. ಕಾಡೆಲ್ಲ ಅಲೆದು ತಮ್ಮ ವೀರನಿಗೆ ಕತ್ತಿ, ಗುರಾಣಿ, ಮದ್ದಿನ ಸೀಸೆ ಕೂಡಿಸಿ ಬಾಗಿಲಿಗೆ ಕಳಿಸೋದು, ಅಲ್ಲಿನ ಕಾವಲು ರಾಕ್ಷಸ ಒಂದೇ ಏಟಿಗೆ ಮಲಗಿಸೋದು. ಬಾಗಿಲ ಆಚೆ ಏನಿದೆ ಅಂತ ನೋಡದೆ ಕಣ್ಣು ಮುಚ್ಚಲ್ಲ ಅಂತ ಅವರು ಶಪಥ ಮಾಡಿದ್ದು ಊರಿಗೆಲ್ಲ ಗೊತ್ತು. ಗೊತ್ತು ಮಾಡಿದವರೂ ಅವರೇ.

ಹೀಗಿರಲು ಮಂಡ್ಯದಲ್ಲಿ ಹಳೇ ಆಟಗಳ ಜೀರ್ಣೋದ್ಧಾರ ನಿಗಮ ಹುಟ್ಟಿ, ಮೊದಲಿಗೆ ಇದೇ ಆಟಕ್ಕೆ ಸುಣ್ಣಬಣ್ಣ ಬಳಿಯಿತು. ರಾಕ್ಷಸನ ಮೀಸೆಯ ಕೂದಲು ಕೂಡ ಎಣಿಸಬಹುದಾಯಿತು. ಜಗಳ ಬಂದದ್ದು ಆಟ ಎಷ್ಟು ಕಷ್ಟ ಇರಬೇಕು ಅನ್ನೋದರಲ್ಲಿ. ನಾವು ಸತ್ತಷ್ಟು ಸಲ ಇವರೂ ಸಾಯಲಿ ಅಂತ ಹಳಬರು, ಅಷ್ಟೊಂದು ಸಾಯೋಕೆ ನಮಗೆ ಪುರುಸೊತ್ತಿಲ್ಲ ಅಂತ ಹೊಸಬರು. ನಿಗಮ ಆದೇಶ ಹೊರಡಿಸಿತು:

“ಆಟದ ಸಮತೋಲನ ಕಾಪಾಡುವ ದೃಷ್ಟಿಯಿಂದ ಸುಲಭ ಹಂತವನ್ನು ದುರ್ಬಲ ಆಟಗಾರರಿಗೆ ಮೀಸಲಿಡಲಾಗಿದೆ. ಉಳಿದವರು ಕಠಿಣ ಹಂತದಲ್ಲೇ ಆಡತಕ್ಕದ್ದು. ದೌರ್ಬಲ್ಯವನ್ನು ಸ್ಥಳ ಮಹಜರಿನಿಂದ ರುಜುವಾತುಪಡಿಸತಕ್ಕದ್ದು. ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವ ಕುಟುಂಬವನ್ನು ಒಬ್ಬ ಆಟಗಾರನೆಂದು ಪರಿಗಣಿಸತಕ್ಕದ್ದು.”

ಪುಟ್ಟಸ್ವಾಮಿ ಮೊದಲ ದಿನವೇ ಅರ್ಜಿ ಕೊಟ್ಟರು. ಪರಿಶೀಲಕ ಯತೀಶ್ ಬಂದು, ಅಕ್ಕಪಕ್ಕದ ಮನೆಯವರನ್ನು ಸಾಕ್ಷಿಗೆ ಕೂರಿಸಿದ. ಅವರೆದುರು ಪುಟ್ಟಸ್ವಾಮಿ ಮೂರು ಸಲ ಸತ್ತರು. ಚೆನ್ನಾಗಿಯೇ ಸತ್ತರೆಂದು ಎಲ್ಲರೂ ಸಹಿ ಹಾಕಿದರು. ಆಮೇಲೆ ಯತೀಶ್ ಕಂಪ್ಯೂಟರಿನ ದಾಖಲೆ ತೆಗೆದು ನೋಡಿದರೆ, ಆ ಮನೆಯಿಂದ ಯಾರೋ ಕಠಿಣ ಹಂತದಲ್ಲೇ ಏಳನೇ ಬಾಗಿಲನ್ನು ಹನ್ನೊಂದು ಸಲ ದಾಟಿದ್ದಾರೆ.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಇಂದ್ರಮ್ಮ ತಲೆ ಎತ್ತಲಿಲ್ಲ. “ನಾನೇ ಕಣಪ್ಪ. ಮದ್ಯಾನ ಇವ್ರು ಮಲಗಿದ್ದಾಗ. ಅವ್ನು ಎಡಕ್ಕೆ ತಿರುಗ್ದಾಗ ಒಡುದ್ರೆ ಬಿದ್ದೋಯ್ತಾನೆ.”

“ನಂಗ್ಯಾಕೆ ಯೋಳ್ನಿಲ್ಲ ಕಣೇ?” ಅಂದರು ಪುಟ್ಟಸ್ವಾಮಿ.

“ನೀವು ಕೇಳ್ನಿಲ್ವಲ್ಲ.”

ಸಾಕ್ಷಿಗೆ ಬಂದವರು ಕಾಫಿಗೂ ಕಾಯದೆ ಎದ್ದರು. ಇಂಥ ಸುದ್ದಿ ಆರಲು ಬಿಡಬಾರದು. ಹೆಂಡತಿ ಹೇಳಿಕೊಟ್ಟ ಏಟು ಹೊಡೆಯೋಕೆ ಪುಟ್ಟಸ್ವಾಮಿಯ ಮಾನ ಒಪ್ಪಲಿಲ್ಲ. ದುರ್ಬಲ ಅಂತ ಬರೆಸಿಕೊಳ್ಳೋಕೆ ಮಾತ್ರ ಒಪ್ಪಿತು. ಆದರೆ ಕುಟುಂಬ ಬಲಿಷ್ಠವಾಗಿಬಿಟ್ಟಿದೆಯಲ್ಲ. ರೇಷನ್ ಕಾರ್ಡಿಗೆ ಮಾಡೋ ಉಪಾಯವನ್ನೇ ಯತೀಶ್ ಹೇಳಿದ:

“ಬೇರೆ ಒಲೆ ತೋರ್ಸಣ್ಣ. ಬೇರೆ ಕುಟುಂಬ ಅಂತ ಬರ್ಕೊಡ್ತೀನಿ.”

ಪುಟ್ಟಸ್ವಾಮಿ ಹಿತ್ತಲ ಕೊಟ್ಟಿಗೆಯಲ್ಲಿ ಮೂರು ಕಲ್ಲು ಹೂಡಿ, ಗಂಟುಗಂಟಾದ ಮುದ್ದೆ ತೊಳಸಿಕೊಂಡು ಉಂಡರು. ಎರಡನೇ ಮಹಜರಿನಲ್ಲಿ ಹೊಗೆ ತೃಪ್ತಿಕರವೆಂದು ದಾಖಲಾಯಿತು. ಅರವತ್ತೆರಡಕ್ಕೆ ಹೆಂಡತಿಯನ್ನು ಬಿಟ್ಟ ಅಂತ ಊರು ಎರಡು ದಿನ ನಾಲಿಗೆ ಚಪ್ಪರಿಸಿತು. ಮೂರನೇ ದಿನ ಕಾರಣ ತಿಳಿದು ತಾನೂ ಕಲ್ಲು ಹುಡುಕಲು ಹೊರಟಿತು. ತಿಂಗಳೊಳಗೆ ಹೊಳಲಿನಿಂದ ಬಂಡೂರಿನವರೆಗೆ ಜಿಲ್ಲೆಯಲ್ಲೆಲ್ಲ ಮನೆಗೆರಡು ಒಲೆ. ಅಪ್ಪ ಒಂದು ಕುಟುಂಬ, ಮಗ ಒಂದು ಕುಟುಂಬ, ಇಬ್ಬರೂ ದುರ್ಬಲರು.

ಪುಟ್ಟಸ್ವಾಮಿಗೆ ದುರ್ಬಲರೆಂಬ ಪ್ರಮಾಣಪತ್ರ ಕೈಸೇರಿದ ದಿನವೇ ಎರಡನೇ ಆದೇಶ ಬಂತು:

“ಜಿಲ್ಲೆಯ ಕಠಿಣ ಹಂತದಲ್ಲಿ ಶ್ರೀಮತಿ ಇಂದ್ರಮ್ಮ ಒಬ್ಬರೇ ಉಳಿದಿರುವುದರಿಂದ, ಒಬ್ಬರಿಗಾಗಿ ಕಾವಲು ಇಡಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಸದರಿ ಹಂತದ ರಾಕ್ಷಸನನ್ನು ಜನದಟ್ಟಣೆಯಿರುವ ಸುಲಭ ಹಂತಕ್ಕೆ ವರ್ಗಾಯಿಸಿದೆ. ಒಮ್ಮೆ ಬೇರೆಯಾದ ಒಲೆ ಐದು ವರ್ಷ ಒಂದಾಗತಕ್ಕದ್ದಲ್ಲ.”

ಸುಲಭ ಹಂತದ ಬಾಗಿಲಲ್ಲಿ ಈಗ ಇಬ್ಬರು ರಾಕ್ಷಸರು. ಒಬ್ಬ ಎಡಕ್ಕೆ ತಿರುಗಿದಾಗ ಇನ್ನೊಬ್ಬ ಹೊಡೆಯುತ್ತಾನೆ. ಕಠಿಣ ಹಂತದಲ್ಲಿ ಕಾವಲೇ ಇಲ್ಲದೆ ಬಾಗಿಲು ಹಾರು ಹೊಡೆದಿದೆ. ಸಮತೋಲನ ಬಂತೆಂದು ನಿಗಮ ಸಿಹಿ ಹಂಚಿತು, ಜನ ತಿಂದರು.

ಪುಟ್ಟಸ್ವಾಮಿ ಎಂಟು ದಿನ ತಡೆದರು. ಒಂಬತ್ತನೇ ದಿನ ತಮ್ಮದೇ ಮನೆಯ ಅಡುಗೆಕೋಣೆ ಬಾಗಿಲಲ್ಲಿ, ಬೇರೆ ಕುಟುಂಬದವರಾದ್ದರಿಂದ ಹೊಸ್ತಿಲು ದಾಟದೆ ನಿಂತು, ಮಾನ ಬಿಟ್ಟು ಕೇಳಿದರು.

“ಅದ್ರಾಚೆ ಏನದೆ ಕಣೇ?”

“ಎಂಟ್ನೇ ಬಾಗ್ಲು ಕಣ್ರೀ.”

ಪುಟ್ಟಸ್ವಾಮಿ ತಲೆಯಾಡಿಸಿ ಕೊಟ್ಟಿಗೆಗೆ ಹೋಗಿ ಒಲೆ ಊದಿದರು. ಎಂಟನೆಯದನ್ನೂ ದುರ್ಬಲರಿಗೆ ಮೀಸಲಿಡಬೇಕೆಂದು ಮಾರನೇ ದಿನ ಅವರ ಅರ್ಜಿ ಮಂಡ್ಯ ತಲುಪಿತು. ಯತೀಶ್ ಬಂದು, ಮೂರನೇ ಒಲೆಗೆ ಜಾಗ ಇದೆಯೇ ಎಂದು ಅಳತೆ ಮಾಡಿಕೊಂಡು ಹೋದ. ಇದೆಯಂತೆ.