ದೊಡ್ಡಹನುಮಯ್ಯನವರ ಮಾತಿನ ಬೀಗ

ದೊಡ್ಡಹನುಮಯ್ಯನವರ ಆಸ್ತಿ ಕಳುವಾಗಿತ್ತು. ಕದ್ದವನು ಶಿರಾದವನು ಎಂಬುದೂ ಗೊತ್ತಾಗಿತ್ತು. ಆದರೆ ಕಳುವಾದದ್ದು ಏನು ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕಳ್ಳನಿಗೆ ಚೇಳು ಕುಟುಕಿದ ಹಾಗೆ ಅನ್ನುತ್ತಾರಲ್ಲ, ಆ ಪಾಡು.

"ಕೃತಿಸ್ವಾಮ್ಯ ಅಂತ ಒಂದ್ ಕಾಯ್ದೆ ಐತೆ, ಯಾವನಿಗಾದ್ರೂ ಭಯ ಐತಾ?" ಎಂದು ಅವರು ಪೇಪರನ್ನು ಮೇಜಿನ ಮೇಲೆ ಬಡಿದರು. "ಒಬ್ಬ ಕಷ್ಟಪಟ್ಟು ಮಾಡಿದ್ದನ್ನ ಆ ಸಿರಾದೋನು ಎತ್ಕಂಡೋಗಿ ಊರಿಗೆಲ್ಲ ಹಂಚ್ತಾನೆ! ದೇಶ ಹಾಳಾಗೋಯ್ತು!"

"ಏನ್ ಎತ್ಕಂಡೋದ?" ಹುಚ್ಚೆಳ್ಳು ಹುರಿಯುತ್ತಿದ್ದ ಹೆಂಡತಿ ಚಿಕ್ಕಹನುಮಕ್ಕ ಕೇಳಿದರು.

"ಅದು... ಬೌದ್ಧಿಕ ಸೊತ್ತು. ನಿಂಗ್ ಅರ್ಥ ಆಗಲ್ಲ ಬುಡು."

"ಅದೇನ್ ಸೊತ್ತೋ ನಾ ಕಾಣೆ. ಇನ್ನೊಬ್ರ ಮನೇದು ಕದ್ದು ಮೆರೆಯೋನ ನಾಲ್ಗೆ ಸೇದೋಗ! ಅವ್ನ ಮೀಸೆಗೆ ಗೆದ್ಲು ಹತ್ತ! ಉಂಬೋ ಮುದ್ದೆ ಗಂಟ್ಲಲ್ಲಿ ಕಲ್ಲಾಗ!"

ದೊಡ್ಡಹನುಮಯ್ಯನವರ ಮೀಸೆ ಯಾಕೋ ತುರಿಸಿತು. ಆದರೂ ಅಂಗಿ ಜೇಬಿನೊಳಗೆ ಅವರ ಬೆರಳು ಫೋನಿನ ರೆಕಾರ್ಡಿಂಗ್ ಗುಂಡಿಯ ಮೇಲೇ ಇತ್ತು. ಏಕೆಂದರೆ ಅವರ ಬೌದ್ಧಿಕ ಸೊತ್ತು ಇದೇ: ಹೆಂಡತಿಯ ಬೈಗುಳ.

ಮಧುಗಿರಿ ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಎರಡೇ ಕೆಲಸ ಉಳಿದಿದ್ದವು, ಪೇಪರ್ ಓದುವುದು ಮತ್ತು ಬೈಸಿಕೊಳ್ಳುವುದು. ಎರಡನೆಯದನ್ನು ಸುಮ್ಮನೆ ಯಾಕೆ ಹಾಳು ಮಾಡುವುದು ಎಂದು ಗುಟ್ಟಾಗಿ ರೆಕಾರ್ಡು ಮಾಡಿ, ಒಲೆಯ ಚಿತ್ರವೊಂದನ್ನು ಅಂಟಿಸಿ, 'ಅಡುಗೆಮನೆ ಗುಡುಗು' ಎಂಬ ಚಾನೆಲ್ಲಿಗೆ ಹಾಕತೊಡಗಿದರು. ಪಾವಗಡದಿಂದ ಕೊರಟಗೆರೆಯವರೆಗೆ ಜನ ಮುಗಿಬಿದ್ದು ಕೇಳಿದರು. (ಬೈಗುಳ ಬೇರೆಯವರ ಮನೆಯದಾದರೆ ಸಂಗೀತ.) ಈಗ ಶಿರಾದ ಯಾವನೋ ಅದನ್ನೆಲ್ಲ ಎತ್ತಿ ತನ್ನ ಚಾನೆಲ್ಲಿಗೆ ಸುರಿದುಕೊಂಡಿದ್ದ. ಹೊಟ್ಟೆ ಉರಿಯದೆ ಇರುತ್ತದೆಯೇ?

ಇದಕ್ಕಿಂತ ದೊಡ್ಡ ಭಯ ಮನೆಯೊಳಗೇ ಇತ್ತು. ಮಗಳು ಅನುಷಾ ಈಗ ಏಳು ತಿಂಗಳ ಬಸುರಿ. ಗಂಡನ ಮನೆಯಿಂದ ಅವಳು ಕಳಿಸುವ ಫೋಟೋ ನೋಡುವ ಆಸೆಗೆ ಚಿಕ್ಕಹನುಮಕ್ಕ, ಗಂಡ ಮಧ್ಯಾಹ್ನ ಗೊರಕೆ ಹೊಡೆಯುವಾಗ ಅವರ ಹೆಬ್ಬೆಟ್ಟನ್ನೇ ಹಿಡಿದು ಫೋನಿಗೆ ಒತ್ತುತ್ತಿದ್ದರು. ಒಂದು ದಿನ ಬೆರಳು ಜಾರಿ ಚಾನೆಲ್ಲು ತೆರೆದುಕೊಂಡರೆ? ಮುಂದಿನದನ್ನು ಯೋಚಿಸಿದರೇ ದೊಡ್ಡಹನುಮಯ್ಯನವರಿಗೆ ಮುದ್ದೆ ಇಳಿಯುತ್ತಿರಲಿಲ್ಲ.

"ಖಾಸಗಿತನ ಅನ್ನೋದು ಮೂಲಭೂತ ಹಕ್ಕು ಕಣ್ಲಾ!" ಎಂದು ಅವರು ಬಸ್ ಸ್ಟ್ಯಾಂಡ್ ಬಳಿಯ ಮೊಬೈಲ್ ಅಂಗಡಿಯ ಗೌರೀಶನ ಮುಂದೆ ಗುಡುಗಿದರು. "ಫೋನು ನಮ್ಮ ಮಾತನ್ನೆಲ್ಲ ಕದ್ದು ಕೇಳ್ತದಂತೆ, ಪೇಪರಲ್ಲಿ ಬಂದೈತೆ. ಹೊರಗೂ ಕಳ್ರು, ಒಳಗೂ ಕಳ್ರು!"

"ಮಾತಿನ ಬೀಗ ಹಾಕ್ಬುಡನ ಸಾರ್," ಎಂದ ಗೌರೀಶ್. "ನಿಮ್ಮನೇಲಿ ಯಾರ ಬಾಯಲ್ಲೂ ಬರ್ದಂಥ ಒಂದು ಪದ ಹೇಳಿ. ಅದನ್ನ ಅಂದ್ರೇನೇ ತೆರ್ಕಳದು. ಆದ್ರೆ ಅದಕ್ಕೆ ದನಿ ಗುರ್ತು ಇರಲ್ಲ, ಪದದ ಗುರ್ತು ಅಷ್ಟೆ. ಯಾರಂದ್ರೂ ತೆರ್ಕಂತದೆ, ತೆರ್ಕಂಡ ತಕ್ಷಣ ಕೊನೇಲಿ ನಿಲ್ಸಿದ್ದು ತಾನೇ ಓಡಕ್ಕೆ ಶುರುವಾಗ್ತದೆ."

ಆ ಪದಕ್ಕೋಸ್ಕರ ಫೋನು ಹಗಲೂ ರಾತ್ರಿ ಕಿವಿ ತೆರೆದುಕೊಂಡೇ ಕೂತಿರಬೇಕಲ್ಲ ಎಂಬುದು ದೊಡ್ಡಹನುಮಯ್ಯನವರಿಗೆ ಹೊಳೆಯಲಿಲ್ಲ. ಅವರಿಗೆ ಹೊಳೆದದ್ದು ಇನ್ನೊಂದು. ಹಿಗ್ಗಿ ಹೀರೇಕಾಯಿಯಾಗಿ ಗೌರೀಶನ ಕಿವಿಯಲ್ಲಿ ಪದ ಹೇಳಿದರು. ಅದು ಅವರದೇ ಹೆಸರು!

ನಗಬೇಡಿ. ಅವರ ಲೆಕ್ಕಾಚಾರ ಗಟ್ಟಿಯಾಗಿಯೇ ಇತ್ತು. ಮಗಳಿಗೆ ಅವರು ಅಪ್ಪ, ಬೀದಿಯವರಿಗೆ ಸಾರ್. ಇನ್ನು ಹೆಂಡತಿ? ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಅಜ್ಜಿ ಹೇಳಿದ್ದನ್ನು ಆಕೆ ಮದುವೆಯಾದಾಗಿನಿಂದ ಮೀರಿದವರಲ್ಲ. ಆ ಹೆಸರಿನಲ್ಲಿ ದೇವರೂ ಸೇರಿಕೊಂಡಿದ್ದರಿಂದ ಗುಡಿಯ ಆಂಜನೇಯ 'ಬಾಲದ ಸ್ವಾಮಿ'ಯಾಗಿದ್ದ. ಆಕೆಯ ಸ್ವಂತ ಹೆಸರಿಗೂ ಅದೇ ಗತಿ. ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೆ, "ಚಿಕ್ಕ ಅಂತ ಬರ್ಕಳಿ, ಮುಂದಿಂದು ನಿಮಗೇ ಗೊತ್ತಲ್ಲ" ಎನ್ನುತ್ತಿದ್ದರು. ಇಂಥ ಪತಿವ್ರತೆಯ ನಾಲಿಗೆಗಿಂತ ಭದ್ರವಾದ ತಿಜೋರಿ ಬ್ಯಾಂಕಿನಲ್ಲೂ ಸಿಗುವುದಿಲ್ಲ.

ಅನುಷಾಳಿಗೆ ಬಳೆ ತೊಡಿಸುವ ಶಾಸ್ತ್ರದ ದಿನ ಬಂತು. ಕಳ್ಳಂಬೆಳ್ಳದಿಂದ ಬೀಗರು ಬರುವವರಿದ್ದರು. "ಅಪ್ಪ, ನಿಮ್ಮ ಫೋನಿಂದ ಒಂದು ವಾಲಗ ಹಾಕಿ" ಎಂದು ಅನುಷಾ ಬಾಡಿಗೆಗೆ ತಂದ ಸ್ಪೀಕರನ್ನು ತೋರಿಸಿದಳು. ದೊಡ್ಡಹನುಮಯ್ಯ ಫೋನನ್ನು ಸ್ಪೀಕರಿಗೆ ಸೇರಿಸಿ ವಾಲಗ ಹುಡುಕುವಷ್ಟರಲ್ಲಿ ಬಾಗಿಲಲ್ಲಿ ಬೀಗರ ಕಾರು ನಿಂತಿತು. ಫೋನನ್ನು ಗೂಡಿನಲ್ಲಿಟ್ಟು ಎದುರುಗೊಳ್ಳಲು ಓಡಿದರು. ಫೋನಿಗೆ ತಾನಾಗಿಯೇ ಬೀಗ ಬಿತ್ತು. ಬೀಗ ಬಿತ್ತಲ್ಲ ಎಂದು ಅವರು ನಿಶ್ಚಿಂತೆಯಾಗಿ ಎಲೆ ಅಡಿಕೆ ಹಾಕಿಕೊಂಡು ಗಂಡಸರ ನಡುವೆ ಕೂತರು. "ಈ ಮಾಹಿತಿ ಕಳ್ರನ್ನ ಸುಮ್ನೆ ಬುಡಬಾರ್ದು ಕಣ್ರೀ" ಎಂದು ಭಾಷಣವೂ ಶುರುವಾಯಿತು.

ಒಳಗೆ ಬಳೆ ತೊಡಿಸಿದ್ದಾಯಿತು. ಚಿಕ್ಕಹನುಮಕ್ಕ ಆರತಿಗೆ ತಟ್ಟೆ ಎತ್ತಿದಾಗ ಬೀಗಿತ್ತಿ ರಾಧಾಮಣಿ ಅಡ್ಡ ನಿಂತರು.

"ಅಂಗೆಲ್ಲ ಬುಡಕಿಲ್ಲ. ಯಜಮಾನ್ರ ಹೆಸ್ರು ಸೇರ್ಸಿ ಪದ ಕಟ್ಟಿ ಹೇಳೋಗಂಟ ತಟ್ಟೆ ಕೆಳಗಿಳ್ಸಂಗಿಲ್ಲ. ಶಾಸ್ತ್ರದಲ್ಲಿ ಹೇಳುದ್ರೆ ಆಯುಸ್ಸು ಹೆಚ್ತದೆ ಕಣಮ್ಮ!"

ಈ ಮಾತು ಹೊರಗೆ ಕೂತಿದ್ದ ದೊಡ್ಡಹನುಮಯ್ಯನವರ ಕಿವಿಗೆ ಬಿತ್ತು. ವರ್ಷವಿಡೀ ಮುಚ್ಚಿರುವ ಹೆಂಗಸರ ಬಾಯಿಗೆ ಶಾಸ್ತ್ರದ ದಿನ ಒಂದು ರಜೆ ಇದೆ ಎಂಬುದನ್ನು ಅವರು ಮರೆತೇಬಿಟ್ಟಿದ್ದರು. ತಾವು ಮದುವೆಯಾದ ದಿನವೂ ಇದೇ ಆಗಿತ್ತಲ್ಲ! "ಲೇ, ಬ್ಯಾಡ ಕಣೇ!" ಎಂದು ಎದ್ದು ಓಡಿದರು. ಹೆಂಗಸರ ಗುಂಪು ದಾಟಿ ಗೂಡಿಗೆ ಕೈ ಹಾಕುವುದರೊಳಗೆ, ಚಿಕ್ಕಹನುಮಕ್ಕ ನಾಚಿ, ಸೆರಗು ಸರಿಮಾಡಿಕೊಂಡು, ರಾಗವಾಗಿ ಹೇಳಿಯೇಬಿಟ್ಟರು.

"ಮಧುಗಿರಿ ಬಂಡೆ ಹತ್ತೋಕೋದ್ರೆ ಅಯ್ಯಯ್ಯಯ್ಯ,
ನಮ್ಮನೆ ಜಗುಲೀಲೂ ಒಂದೈತೆ ಬಂಡೆ, ದೊಡ್ಡಹನುಮಯ್ಯ!"

ಹೆಂಗಸರು ಹೋ ಎಂದರು. ಗೂಡಿನಲ್ಲಿ ಫೋನು ಮಿನುಗಿತು. ಆಳೆತ್ತರದ ಸ್ಪೀಕರಿನಿಂದ ಬೀದಿಗೆಲ್ಲ ಕೇಳುವಂತೆ, ಯಜಮಾನರು ಬೆಳಿಗ್ಗೆ ಕೇಳುತ್ತಾ ಅರ್ಧಕ್ಕೆ ನಿಲ್ಲಿಸಿದ್ದ ಗುಡುಗು ಹೊರಟಿತು: "ಇನ್ನೊಬ್ರ ಮನೇದು ಕದ್ದು ಮೆರೆಯೋನ ನಾಲ್ಗೆ ಸೇದೋಗ! ಅವ್ನ ಮೀಸೆಗೆ ಗೆದ್ಲು ಹತ್ತ!"

"ಇದು ನನ್ನ ದನಿ ಅಲ್ವಾ?" ಚಿಕ್ಕಹನುಮಕ್ಕನ ಕೈಯ ತಟ್ಟೆ ಅಲ್ಲೇ ನಿಂತಿತು.

ಅನುಷಾ ಫೋನು ಎತ್ತಿಕೊಂಡು ನೋಡಿದಳು, ಇನ್ನಷ್ಟು ನೋಡಿದಳು, ಬಾಯಿ ಮುಚ್ಚಿಕೊಂಡು ನಕ್ಕಳು. "ಅಮ್ಮ, 'ಅಡುಗೆಮನೆ ಗುಡುಗು' ನೀನೇ!"

"ಅಯ್ಯೋ ಶಿವನೇ, ನಾನ್ ದಿನಾ ಕೇಳ್ತೀನಲ್ಲಮ್ಮ ಅದನ್ನ!" ಎಂದರು ರಾಧಾಮಣಿ. "ಈ ಪಾಟಿ ಬೈಸ್ಕಂಡು ಸುಮ್ನಿರೋ ಮೂಳ ಯಾವನಪ್ಪಾ ಅಂತಿದ್ದೆ. ನಮ್ಮ ಬೀಗರೇನಾ!"

ದೊಡ್ಡಹನುಮಯ್ಯನವರಿಗೆ ಉರಿದುಹೋಯಿತು. "ನನ್ನ ಫೋನನ್ನ ನನ್ನ ಅಪ್ಪಣೆ ಇಲ್ದೆ ತೆರೆಯೋದು ಅಪರಾಧ! ಇದು ಖಾಸಗಿತನದ ಕಗ್ಗೊಲೆ!"

"ನನ್ನ ಬಾಯ್ನ ನನ್ನ ಅಪ್ಪಣೆ ಇಲ್ದೆ ಪಾವಗಡದಗಂಟ ತೆರೆದಿಟ್ರಲ್ಲ, ಅದೇನ್ ಪುಣ್ಯದ ಕೆಲ್ಸವಾ?" ಎಂದರು ಚಿಕ್ಕಹನುಮಕ್ಕ. "ಸಿರಾದೋನು ಕಳ್ಳ ಅಂತ ಶಾಪ ಹಾಕುಸ್ಕಂಡ್ರಿ. ಅವ್ನು ಕದ್ದಿದ್ದು ಕಳ್ಳನ ಮನೇಲಿ!"

ಗಂಡಸರ ಕಡೆಯಿಂದಲೂ ನಗು ಬಂತು.

ಈಗ ಚಾನೆಲ್ಲು ಚಿಕ್ಕಹನುಮಕ್ಕನದು. ಶಿರಾದವನು ಆಕೆಯ ಒಂದೇ ಬೈಗುಳಕ್ಕೆ ಎಲ್ಲವನ್ನೂ ಅಳಿಸಿಹಾಕಿದ. (ಕಾಯ್ದೆಯಿಂದ ಆಗದ್ದು.) ಆಕೆ ಫೋನನ್ನು ಗಂಡನಿಗೇ ವಾಪಸು ಕೊಟ್ಟರು, ಮಾತಿನ ಬೀಗವನ್ನೂ ತೆಗೆಸಲಿಲ್ಲ. ಗೌರೀಶನ ಅಂಗಡಿಗೆ ತಾವೇ ಹೋಗಿ ಪದ ಮಾತ್ರ ಬದಲಾಯಿಸಿಕೊಂಡು ಬಂದರು. ಸಂಸಾರ ಶುರುವಾದಾಗಿನಿಂದ ಆ ಮನೆಯ ಯಜಮಾನರ ಬಾಯಲ್ಲಿ ಒಮ್ಮೆಯೂ ಬರದ ಪದ ಅದು.

ಬಡವನಹಳ್ಳಿ ಸಂತೆಯಲ್ಲಿ ಟೀ ಕುಡಿದು ಕಾಸು ಕೊಡಲು ದೊಡ್ಡಹನುಮಯ್ಯ ಮೊನ್ನೆ ಫೋನು ತೆಗೆದರು. ಸುತ್ತ ಹಳೆಯ ಕಚೇರಿಯ ಸ್ನೇಹಿತರು. ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು.

"ತಪ್ಪು ನಂದೇ ಕಣೇ."

"ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ" ಎಂದಿತು ಫೋನು.

ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದ ಚಿಕ್ಕಹನುಮಕ್ಕ ತಲೆಯೆತ್ತದೆ, ಸಂತೆಗೆಲ್ಲ ಕೇಳುವಂತೆ ಕೂಗಿದರು: "ವಸಿ ಜೋರಾಗಿ ಹೇಳಿ, ದೊಡ್ಡಹನುಮಯ್ಯನೋರೇ!"