ಬೆಳಗಿದ ದೃಷ್ಟಿಬೊಟ್ಟು

ಶಿವರಾತ್ರಿ ಕಳೆದು ಬೇಸಿಗೆ ಬಾಗಿಲಿಗೆ ಬಂದಿತ್ತು. ಬೆಳಗಿನ ಎರಡನೇ ಚಹಾದ ಹೊತ್ತು. ಹಿತ್ತಲ ಕೋಣೆಯಿಂದ ನನ್ನ ತಮ್ಮ ಚಂಬಣ್ಣ ಕೂಗಿದ.

“ಅಕ್ಕಾ, ಲಗೂನ ಬಾ! ಜಗತ್ತು ನೋಡದ್ದನ್ನ ನೀನ ಮೊದಲ ನೋಡಾಕಿ!”

ಅವನ ಯಂತ್ರಗಳನ್ನು ಮೊದಲು ನೋಡುವ ಕರ್ಮ ನನಗೆ ಹಳೆಯದು. ರೊಟ್ಟಿ ಬಡಿಯುವ ಯಂತ್ರ ರೊಟ್ಟಿ ಬಿಟ್ಟು ಬೆಕ್ಕನ್ನು ಬಡಿದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಆದರೂ ಹೋದೆ.

ಅಲ್ಲಿ ನನ್ನ ಕುಕ್ಕರ್ ಇತ್ತು! ಅದರ ಮೂತಿಗೆ ರಬ್ಬರ್ ನಳಿಗೆ, ನಳಿಗೆಯ ತುದಿಗೆ ನನ್ನ ಮಿಕ್ಸರ್ ಜಾರು, ಮೇಲೊಂದು ನೇರಳೆ ದೀಪ. ಮುಂದೆ ಮೂರು ಬಟ್ಟಲಲ್ಲಿ ಚಹಾಪಾತ್ರೆ ತೊಳೆದ ನೀರಿನಂಥದ್ದೇನೋ. ಕಿಟಕಿ ಮುಚ್ಚಿ ದೀಪ ಹಾಕಿದ. ಒಂದು ನೀಲಿ, ಒಂದು ಹಸಿರು, ಒಂದು ಕೆಂಪು! ಸುಳ್ಳು ಯಾಕೆ ಹೇಳಲಿ, ಚೆಂದವಿತ್ತು.

“ಏನ ಬಣ್ಣ ಹಾಕೀಯೋ?”

“ಬಣ್ಣ ಇಲ್ಲಕ್ಕಾ, ಮೂರೂ ಬರೇ ಮಸಿ! ಲಿಂಬಿಹುಳಿ ಹಾಕಿ ಕುದಿಸಿ ಒಡದೀನಿ. ಕೂದಲೆಳಿ ಸೀಳಿ ಹತ್ತು ಸಾವಿರ ಪಾಲು ಮಾಡಿದಷ್ಟು ಸಣ್ಣ ಕಣ. ಈ ದೀಪದ ಬೆಳಕ ಕುಡದು ಬ್ಯಾರೆ ಬೆಳಕ ಉಗುಳ್ತಾವ. ಭಾಳ ಸಣ್ಣವು ನೀಲಿ, ಒಂಚೂರು ದೊಡ್ಡವು ಹಸರು, ಇನ್ನೂ ದೊಡ್ಡವು ಕೆಂಪು! ಬಿಸಿ ತಾಗಿದ್ರ ಒಂದಕ್ಕೊಂದು ಅಂಟಿ ತಾವ ದೊಡ್ಡವಾಗ್ತಾವ.”

“ಮಸಿ ಎಲ್ಲಿಂದ ತಂದಿ?”

ಅವನು ತಲೆ ಎತ್ತಿ ಮಾಡು ನೋಡಿದ. ನನಗೆ ತಿಳಿಯಿತು. ಔಡಲೆಣ್ಣೆಯ ದೀಪ ಹಚ್ಚಿ, ತಾಮ್ರದ ತಟ್ಟೆ ಬೋರಲು ಹಾಕಿ, ಮರಿಮೊಮ್ಮಗನ ತೊಟ್ಟಿಲಿಗೆಂದು ನಾನು ಕೂಡಿಟ್ಟ ಮಸಿ! ಈ ಓಣಿಯ ಕೂಸುಗಳೆಲ್ಲ ನನ್ನ ಕಾಡಿಗೆ ಹಚ್ಚಿಕೊಂಡೇ ಬೆಳೆದವು. ಅದನ್ನು ಕುಕ್ಕರಿಗೆ ಹಾಕುವುದೇ?

“ಸಿಟ್ಟಾಗಬ್ಯಾಡಕ್ಕಾ. ಉಳದದ್ದನ್ನ ತುಪ್ಪದಾಗ ಕಲಿಸಿ ನಿನ್ನ ಡಬ್ಯಾಗ ಹಾಕೀನಿ.”

ಉಳಿದದ್ದು ನನ್ನ ಮಸಿ ಎಂದುಕೊಂಡೆ. ಅವನು ಹಾಕಿದ್ದು ಯಂತ್ರದಿಂದ ಬಂದದ್ದನ್ನು.

ರವಿವಾರ ಕೂಸಿಗೆ ಹೆಸರಿಡುವ ತೊಟ್ಟಿಲು. ನಾನೇ ಸಾಕಿದ ಮೊಮ್ಮಗಳು ಶಾಂಭವಿಯ ಅತ್ತೆ ಗುರುಬಸವ್ವ ಮಗಳು ಕಸ್ತೂರಿಯನ್ನು ಕರೆದುಕೊಂಡು ಕೊಪ್ಪಳದಿಂದ ಬಂದಳು. ಕೂಸಿಗೆ ಐದು ತಿಂಗಳು ತುಂಬುವವರೆಗೆ ಬಾಣಂತಿ ನನ್ನ ಹತ್ತಿರವೇ ಇರಬೇಕೆಂದು ನನ್ನ ಆಸೆ. ಬೀಗತಿಯ ಮನಸ್ಸಿನಲ್ಲಿ ಬೇರೆ ಇದೆಯೆಂದು ಗುಮಾನಿ.

ಕೂಸಿನ ಕೆನ್ನೆಗೆ ಬೊಟ್ಟಿಟ್ಟೆ. ಪಡಸಾಲೆಯ ಟ್ಯೂಬ್‌ಲೈಟ್ ಬಿಚ್ಚಿ ಚಂಬಣ್ಣ ತನ್ನ ದೀಪ ಕಟ್ಟಿದ್ದು ಯಾರಿಗೆ ಗೊತ್ತು! ಸ್ವಿಚ್ ಒತ್ತಿದ. ಬೊಟ್ಟು ನೀಲಿಯಾಗಿ ಝಗ್ಗೆಂದಿತು! ಮಂದಿಯ ಕಣ್ಣು ಬೀಳದಿರಲಿ ಎಂದು ಇಡುವ ಬೊಟ್ಟು. ಇಡೀ ಪಡಸಾಲೆಯ ಕಣ್ಣು ಅಲ್ಲೇ ನೆಟ್ಟಿತು!

“ಅಯ್ಯ ಶಿವನ! ಕೂಸಿಗೆ ಏನ ಹಚ್ಚೀರಿ?” ಎಂದಳು ಬೀಗತಿ.

“ವಿಜ್ಞಾನ ಹಚ್ಚೇವ್ರಿ!” ಎಂದ ಚಂಬಣ್ಣ.

ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಕಸ್ತೂರಿ ಬಾಗಿದಳು. ಹೆಸರು ಹೇಳುವವಳ ಬೆನ್ನಿಗೆ ಗುದ್ದುವುದು ನಮ್ಮಲ್ಲಿ ಪದ್ಧತಿ. ಹೆಂಗಸರು ಗುದ್ದಿದ ರಭಸಕ್ಕೆ ಅವಳ ತುಟಿ ಬೊಟ್ಟಿಗೆ ಒತ್ತಿತು. ತಲೆ ಎತ್ತಿದಾಗ ತುಟಿ ಹಸಿರು! “ಯಾರವ್ವ ಅಷ್ಟ ಜೋರ ಗುದ್ದಿದಾಕಿ?” ಎನ್ನುವಷ್ಟರಲ್ಲಿ ಕೆಂಪು!

ದೃಷ್ಟಿಯಾಯಿತೆಂದು ಗಾಬರಿಬಿದ್ದು ಎಲ್ಲರೂ ಕೂಸಿನ ಕೆನ್ನೆ ಸವರಿ ತಮ್ಮ ಹಣೆಯ ಎರಡೂ ಬದಿಯ ಕಣತಲೆಗೆ ಬೆರಳೊತ್ತಿ ಲಟಿಕೆ ಮುರಿದರು. ನಾನೂ ಮುರಿದೆ. ಎಲ್ಲರ ಕಣತಲೆಯೂ ನೀಲಿ!

“ಸಿಟ್ಟು ಬಂದ್ರ ಮೈ ಬಿಸಿ, ಬಿಸಿಗೆ ಕಣ ದೊಡ್ಡದು, ಅದಕ್ಕ ಕೆಂಪು!” ಚಂಬಣ್ಣ ಚಪ್ಪಾಳೆ ತಟ್ಟಿದ.

ನಾನು ಮಾತು ತಿರುಗಿಸಲು ಐದು ತಿಂಗಳ ವಿಷಯ ತೆಗೆದೆ.

“ಇರ್ಲಿ ಬಿಡ್ರಿ ಅವ್ವಾರ, ನಮಗೇನ ಅವಸರ?” ಬೀಗತಿ ನಕ್ಕಳು. ಅವಳ ಕಣತಲೆ ಕೆಂಡವಾಯಿತು!

“ಮತ್ತ ಬಸ್ಸಿನ್ಯಾಗ ಇವತ್ತ ಬಾಣಂತೀನ ಕರಕೊಂಡ ಹೋಗೂದ ಅಂದ್ಯಲ್ಲಬೇ?” ಎಂದಳು ಕಸ್ತೂರಿ.

“ನೀ ಬಾಯಿ ಮುಚ್ಚ!”

“ಬೀಗರ ಮನಸು ನಮಗ ತಿಳೀತದವ್ವ, ಬ್ಯಾಸರಿಲ್ಲ,” ಎಂದೆ ನಾನು, ಮೆತ್ತಗೆ.

“ಬ್ಯಾಸರಿಲ್ಲಂತ! ಕನ್ನಡ್ಯಾಗ ನೋಡ್ಕೋರಿ!” ಬೀಗತಿ ಬೆರಳು ತೋರಿಸಿದಳು. ನೋಡಿಕೊಂಡೆ. ಜನ್ಮದಲ್ಲಿ ದನಿ ಎತ್ತದ ನನ್ನ ಹಣೆಯ ಎರಡೂ ಬದಿ ರೈಲಿನ ಕೆಂಪು ದೀಪ!

ಆಗ ತೊಟ್ಟಿಲ ಪಕ್ಕದಿಂದ ಶಾಂಭವಿ ಎದ್ದಳು. ಕೂಸಿಗೆ ಮುತ್ತಿಟ್ಟಿದ್ದಳು, ತುಟಿ, ಮೂಗಿನ ತುದಿ, ಎಲ್ಲ ಕೆಂಪಗೆ ಉರಿಯುತ್ತಿದ್ದವು.

“ಒಬ್ಬರಾದ್ರೂ ನನ್ನ ಕೇಳೀರೇನು? ಮೂರು ತಿಂಗಳ ಇಲ್ಲಿರ್ತೀನಿ, ಆಮ್ಯಾಲ ನಾನ ಹೋಗ್ತೀನಿ. ಯಾರೂ ಕರೀಬ್ಯಾಡ್ರಿ, ಯಾರೂ ಹಿಡೀಬ್ಯಾಡ್ರಿ!”

ನಾನೂ ಬೀಗತಿಯೂ ಹೂಂ ಎಂದು ತಲೆಯಾಡಿಸಿದೆವು. ಎದುರಾಡಿದರೆ ಕೂಸು ಎದ್ದೀತು. ಶಾಂಭವಿಯ ಮೂಗು ಮೆಲ್ಲಗೆ ಹಸಿರಿಗಿಳಿಯಿತು. ಒಮ್ಮೆ ದೊಡ್ಡವಾದ ಕಣ ಮತ್ತೆ ಸಣ್ಣವಾಗುವುದು ಹೇಗೆಂದು ಚಂಬಣ್ಣನಿಗೇ ಗೊತ್ತಿಲ್ಲವಂತೆ! ತಡೆಯದೆ ಅವನ ಹಣೆಗೂ ಒಂದು ಬೊಟ್ಟು ಒತ್ತಿದೆ. ಇಷ್ಟೆಲ್ಲ ಮಾಡಿದವನ ಹಣೆ ತಣ್ಣಗೆ ನೀಲಿ! ನಾಚಿಕೆಗಾದರೂ ಒಂದಿಷ್ಟು ಬಿಸಿಯಾಗಬಾರದೇ?

ಬೀಗರು ಅಂದೇ ಮಧ್ಯಾಹ್ನ ಹೋದರು. ಸಾಬೂನಿಗೆ ಬೊಟ್ಟು ಜಗ್ಗಲಿಲ್ಲ. ಬಿಸಿಲಲ್ಲೂ ಆ ದೀಪದ ಕಿರಣ ಇದೆಯಂತೆ! ಸೀಟಿಗಾಗಿ ಜಗಳ ಬಿದ್ದಾಗಲೆಲ್ಲ ಬಸ್ಸಿನವರು ಬೀಗತಿಯ ಕೆಂಪು ಹಣೆ ನೋಡಿ ತಾವೇ ಎದ್ದು ಜಾಗ ಬಿಟ್ಟರಂತೆ.

ಗುರುವಾರ ಚಂಬಣ್ಣನೂ ಹೋದ, ಕೊಪ್ಪಳಕ್ಕೆ. ಬೀಗತಿಯೇ ಕರೆಸಿಕೊಂಡಳು. ತನ್ನ ಬೊಟ್ಟು ತೆಗೆಸಲಿಕ್ಕಲ್ಲ, ಗಂಡನ ಹಣೆಗೂ ಒಂದು ಇಡಿಸಲಿಕ್ಕೆ! ಪಾಪ, ಆ ಮನುಷ್ಯ ಮದುವೆಯಾದಂದಿನಿಂದ ನಗುತ್ತಲೇ ಇದ್ದಾನೆ.