ಮಾವನ ಸಿಗಾರಿಗೆ ನಾನೇ ಕಾವಲು

ಒಂದು ವಸ್ತುವನ್ನು ಕೆಡದಂತೆ ಇಡುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸವೇ ಅದು! ನಮ್ಮ ಕಚೇರಿಯ ದಾಖಲೆ ಕೋಣೆಗೆ ನಾನೇ ರಾಜ, ನಾನೇ ಮಂತ್ರಿ, ನಾನೇ ಕಾವಲುಭಟ. ನಾನು ಹುಟ್ಟುವ ಮೊದಲಿನ ಕಡತಗಳು ಇವತ್ತಿಗೂ ಅಲ್ಲಿ ಗರಿಗರಿಯಾಗಿ ಕೂತಿವೆ. ಹೀಗಿರುವಾಗ ಯಃಕಶ್ಚಿತ್ ಹನ್ನೆರಡು ಸಿಗಾರುಗಳನ್ನು ಮೂರು ವರ್ಷ ಇಡಲಾರೆನೇ? ಇಡಬಲ್ಲೆ ಎಂದು ಎದೆ ತಟ್ಟಿಕೊಂಡು ಹೇಳಿದೆ. ಆ ಎದೆಯ ಮೇಲೇ ನನಗೀಗ ಸಿಟ್ಟು.

ಸಿಗಾರು ನನ್ನದಲ್ಲ, ಮಾವನವರದು. ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಎಪ್ಪತ್ತೇಳನೇ ವಯಸ್ಸಿಗೆ ಡಾಕ್ಟರು ಅವರ ಹೊಗೆ ನಿಲ್ಲಿಸಿದರು. ಕಾಡಿ ಬೇಡಿ, ಎಂಬತ್ತನೇ ಹುಟ್ಟುಹಬ್ಬದ ದಿನ ಒಂದೇ ಒಂದು ಎಂದು ಒಪ್ಪಿಸಿಕೊಂಡು, ತಮಗೊಂದು, ಹಡಗಿನ ಗೆಳೆಯರಿಗೆ ಹನ್ನೊಂದು ಎಂದು ಪೆಟ್ಟಿಗೆ ಹಿಡಿದು ನಮ್ಮ ಮನೆಗೆ ಬಂದರು. ತಮ್ಮ ಹತ್ತಿರವೇ ಇದ್ದರೆ ತಿಂಗಳೊಳಗೆ ಬೂದಿಯಾದೀತೆಂದು ಅವರಿಗೇ ಗೊತ್ತಿತ್ತು.

"ಮೂರು ವರ್ಷ ಇಟ್ರೆ ಒಳ್ಳೆ ಹದಕ್ಕೆ ಬರ್ತವೆ ಅಳಿಯಂದ್ರೇ," ಎಂದರು. "ನಿಮ್ಮ ಕೈಲಿ ಆಗುತ್ತಾ, ಇಲ್ಲ ದೊಡ್ಡ ಅಳಿಯನಿಗೆ ಕೊಡ್ಲಾ?"

ನನ್ನ ಮೈ ಉರಿಯಿತು. ಈ ಮನುಷ್ಯ ಹದಿನೆಂಟು ವರ್ಷಗಳಲ್ಲಿ ನನಗೆ ಒಮ್ಮೆಯೂ ಶಹಭಾಸ್ ಎಂದವರಲ್ಲ. ಅವರು ಕೊಟ್ಟ ಗೋಡೆ ಗಡಿಯಾರ ನಿಂತುಹೋಯಿತು, ಗಿಡ ಒಣಗಿತು. ಅದಕ್ಕೆ ನಾನೇನು ಮಾಡಲಿ? ದೊಡ್ಡ ಅಳಿಯನ ಮನೆಯಲ್ಲಿ ಅಂಥದೇ ಗಡಿಯಾರ ಓಡುತ್ತಿದೆಯಂತೆ, ಅಂಥದೇ ಗಿಡ ಹೂ ಬಿಟ್ಟಿದೆಯಂತೆ! ಒಂದೇ ಒಂದು ಸಲ ಅವರ ಬಾಯಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಕೇಳಬೇಕೆಂದು ಪೆಟ್ಟಿಗೆ ಕಿತ್ತುಕೊಂಡೆ. ಹೊರಡುವ ಮುಂಚೆ ಅವರು ವಾಶ್‌ಬೇಸಿನ್ನಿನಲ್ಲಿ ಕೈ ತೊಳೆದು, ನಲ್ಲಿ ಸೋರುತ್ತಿದೆ ಎಂದರು. ಪ್ಲಂಬರನ್ನು ಕರೆಯೋಣ ಎಂದಳು ಹೆಂಡತಿ. ನಾನು ಬದುಕಿರುವಾಗ ಈ ಮನೆಗೆ ಪ್ಲಂಬರೇ? ಅದಕ್ಕೆಂದೇ ನಾನು ತಂದಿಟ್ಟ ಮರದ ಪೆಟ್ಟಿಗೆ, ಅದರೊಳಗೆ ಥಳಥಳ ಹೊಳೆಯುವ ಹೊಸ ಸ್ಪ್ಯಾನರು, ಬೇಸಿನ್ನಿನ ಕೆಳಗೇ ಇತ್ತಲ್ಲ! ಬರುವ ಭಾನುವಾರ ನಾನೇ ಮಾಡುತ್ತೇನೆ ಎಂದೆ.

ರಾತ್ರಿ ಊಟಕ್ಕೆ ಕೂತಾಗ ಸಿಗಾರು ರಕ್ಷಣೆಯ ಯೋಜನೆಯನ್ನು ಮಂಡಿಸಿದೆ. ಕಡತದ ಶತ್ರು ತೇವ, ಸಿಗಾರೂ ಎಲೆಯೇ, ಆದ್ದರಿಂದ ತೇವವೇ ಅದರ ಶತ್ರು. ಉಕ್ಕಿನ ಬೀರು, ತೇವ ಹೀರುವ ಪೊಟ್ಟಣ, ನಾಲ್ಕು ಮೂಲೆಗೆ ನಾಲ್ಕು ನುಸಿ ಗುಳಿಗೆ, ದಿನಕ್ಕೆ ಮೂರು ತಪಾಸಣೆ.

"ಬಾಯಲ್ಲಿಟ್ಟು ಸೇದೋ ಚುಟ್ಟಕ್ಕೆ ನುಸಿ ಗುಳಿಗೆನಾ ರೀ?" ಎಂದಳು.

ಚುಟ್ಟ ಅಲ್ಲ, ಸಿಗಾರು ಎಂದು ಗದರಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸೋತಳು ಎಂದುಕೊಂಡೆ, ಎಂಥ ಪೆದ್ದ ನಾನು. ಮರುದಿನ ಸಂಜೆ ಕಚೇರಿಯಿಂದ ಗುಳಿಗೆ, ಪೊಟ್ಟಣ ಮತ್ತು ಒಂದು ತಪಾಸಣಾ ಪುಸ್ತಕ ತಂದು ಕೆಲಸ ಶುರು ಮಾಡಿದೆ. ಬೆಳಗ್ಗೆ, ಸಂಜೆ, ಮಲಗುವ ಮುಂಚೆ ಮುಚ್ಚಳ ತೆಗೆಯುವುದು, ಹನ್ನೆರಡನ್ನೂ ಮುಟ್ಟಿ ನೋಡುವುದು, ಸರಿಯಾಗಿವೆ ಎಂದು ಸಹಿ ಹಾಕುವುದು. ಚಿನ್ನದ ಬಣ್ಣದ ಕಾಗದದ ಪಟ್ಟಿ ಸೊಂಟಕ್ಕೆ ಕಟ್ಟಿಕೊಂಡು ಅವು ದರ್ಬಾರಿನ ಸರದಾರರ ಹಾಗೆ ಮಲಗಿರುತ್ತಿದ್ದವು.

ಎಂಟು ತಿಂಗಳಿಗೆ ಒಂದರ ಸಿಪ್ಪೆ ಪಟ್ಟೆಂದು ಬಿರಿಯಿತು. ಹೆಂಡತಿಯ ಮೇಲೆ ಹರಿಹಾಯ್ದೆ. ನೀನೇ ಬೀರುವಿನ ಬಾಗಿಲು ದಡಾರೆಂದು ಹಾಕಿದ್ದು ಎಂದೆ. ಬೀರುವಿನ ಬೀಗದ ಕೈ ನಿಮ್ಮ ಜೇಬಲ್ಲೇ ಇದೆಯಲ್ಲ ಎಂದಳು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಬಿರಿದದ್ದನ್ನು ಹಿಡಿದು ಹೊಗೆಸೊಪ್ಪಿನ ಅಂಗಡಿಯವನ ಬಳಿ ಓಡಿ, ನನ್ನ ಕಡತದ ಯೋಜನೆಯನ್ನು ವಿವರಿಸಿದೆ. ಅವನು ಮೂಸಿ, ಮುಖ ತಿರುಗಿಸಿ, ಇವು ಕಡತವಲ್ಲ ಸ್ವಾಮಿ, ಇವಕ್ಕೆ ಹದವಾದ ತೇವ ಬೇಕು ಎಂದ.

ತೇವ ತಾನೇ? ಕೊಟ್ಟೆ! ಗುಳಿಗೆ ಕಿತ್ತೆಸೆದು, ಪಾತ್ರೆ ಉಜ್ಜುವ ಹೊಸ ಸ್ಪಂಜನ್ನು ನೀರಲ್ಲಿ ಅದ್ದಿ ಪೆಟ್ಟಿಗೆಯೊಳಗಿಟ್ಟೆ. ಒಂದು ಸಾಲದೆಂದು ಎರಡಿಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಸರದಾರರಿಗೆಲ್ಲ ಬಿಳಿ ಗಡ್ಡ ಬಂದಿತ್ತು. ಬೂಷ್ಟು! ಒಂದೊಂದನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಉಜ್ಜುತ್ತ ಅಂಗಡಿಯವನನ್ನು ಬೈದೆ, ಮಳೆಯನ್ನು ಬೈದೆ, ಸ್ಪಂಜನ್ನೂ ಬೈದೆ. ಹೆಂಡತಿ ಬಾಗಿಲಲ್ಲಿ ನಿಂತು, ನಲ್ಲಿಯ ಭಾನುವಾರ ಯಾವಾಗ ಬರುತ್ತದೆ ಎಂದು ಕೇಳಿದಳು. ಮನೆಗೆ ಬೆಂಕಿ ಬಿದ್ದಿರುವಾಗ ನಿನಗೆ ನಲ್ಲಿ ಚಿಂತೆಯಾ ಎಂದು ಕೂಗಾಡಿದೆ.

ಕೊನೆಗೆ ಉಳಿದದ್ದು ಫ್ರಿಜ್. ಬೂಷ್ಟು ಬರಬಾರದು, ತಂಪಾಗಿರಬೇಕು, ಮತ್ತೇನು ಬೇಕು? ಬೆಣ್ಣೆಯ ಪಕ್ಕ, ಬೆಳ್ಳುಳ್ಳಿಯ ಮೇಲೆ ಪ್ರತಿಷ್ಠಾಪಿಸಿದೆ. ಹದಿನೈದೇ ದಿನಕ್ಕೆ ಬೆಣ್ಣೆ ಹೊಗೆಸೊಪ್ಪಿನಂತೆ ನಾರತೊಡಗಿತು, ಸಿಗಾರು ಬೆಳ್ಳುಳ್ಳಿಯಂತೆ. ಈ ಸಲ ಹರಿಹಾಯ್ದದ್ದು ಅವಳು. ಬ್ರೆಡ್ಡಿಗೆ ಆ ಬೆಣ್ಣೆ ಸವರಿ ನನ್ನೆದುರು ಇಟ್ಟು, ಪೂರ್ತಿ ತಿಂದೇ ಏಳಬೇಕೆಂದಳು. ತಿಂದೆ.

ಎಂಬತ್ತನೇ ಹುಟ್ಟುಹಬ್ಬದ ಹಿಂದಿನ ದಿನ ಪೆಟ್ಟಿಗೆ ತೆರೆದು ನೋಡಿದೆ. ಐದು ಬಿರಿದಿದ್ದವು, ನಾಲ್ಕು ಮುಟ್ಟಿದರೆ ಪುಡಿ, ಮೂರು ಮೆತ್ತಗೆ ಬಾಗುತ್ತಿದ್ದವು. ವಾಸನೆಯನ್ನು ಹೇಳದಿರುವುದೇ ಮೇಲು. ಮೂರು ವರ್ಷದ ಸಹಿಗಳಿದ್ದ ಪುಸ್ತಕವನ್ನು ಗೋಡೆಗೆ ಬೀಸಿದೆ. ನಿಮ್ಮಪ್ಪನಿಗೆ ಸೇದಲು ಪ್ರಪಂಚದಲ್ಲಿ ಬೇರೇನೂ ಸಿಗಲಿಲ್ಲವೇ ಎಂದು ಅವಳ ಮೇಲೆ ಎಗರಾಡಿದೆ. ಇನ್ನು ಸಾಯುವವರೆಗೂ ಆ ಮನುಷ್ಯನ ಕಣ್ಣಿಗೆ ನಾನು ಗಡಿಯಾರ ನಿಲ್ಲಿಸಿದವನೇ, ಗಿಡ ಒಣಗಿಸಿದವನೇ. ಅಳು ಬರುವಂತಾಯಿತು. ಅವಳು ಪುಸ್ತಕ ಎತ್ತಿ ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮರುದಿನ ಮಾವ ಬಂದರು. ಕೈ ತೊಳೆದರು. ಇನ್ನೂ ಸೋರುತ್ತಿದೆ ಎಂದರು. ಕುರ್ಚಿ ಎಳೆದುಕೊಂಡು ಕೂತು ಪೆಟ್ಟಿಗೆಗೆ ಕೈ ಚಾಚಿದರು. ಮುಚ್ಚಳ ತೆಗೆದರು. ಒಂದನ್ನು ಎತ್ತಿದರು. ಅದು ಎರಡು ತುಂಡಾಗಿ ತೊಡೆಯ ಮೇಲೆ ಬಿತ್ತು. ಅವರ ಕಿವಿ ಕೆಂಪಾಯಿತು.

"ಮೂರು ವರ್ಷ ಬಾಯಿ ಕಟ್ಟಿ ಕಾದಿದ್ದೀನಿ," ಎಂದರು. "ಒಂದು, ಒಂದೇ ಒಂದು ನೆಟ್ಟಗೆ ಇಡೋಕಾಗ್ಲಿಲ್ವಾ ನಿಮಗೆ?"

ಆಗ ಹೆಂಡತಿ, ಬೇಸಿನ್ನಿನ ಕೆಳಗಿರುವ ನಿಮ್ಮ ರಿಪೇರಿ ಪೆಟ್ಟಿಗೆ ತನ್ನಿ ಎಂದಳು. ಈಗಲೇ ನಲ್ಲಿ ರಿಪೇರಿಯೇ! ಹಲ್ಲು ಕಡಿಯುತ್ತ ಹೋದೆ, ಪೆಟ್ಟಿಗೆಯನ್ನು ತಂದು ದೊಪ್ಪೆಂದು ಇಟ್ಟೆ, ಮುಚ್ಚಳ ಎತ್ತಿದೆ.

ಸ್ಪ್ಯಾನರಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ಹನ್ನೆರಡು ಸಿಗಾರುಗಳು, ಪಟ್ಟಿಯಿಲ್ಲದೆ, ಕಂದು ಬಣ್ಣದಲ್ಲಿ ಮಿರುಗುತ್ತ ಮಲಗಿದ್ದವು.

ಮಾವ ಒಂದನ್ನು ಎತ್ತಿ ಮೂಸಿದರು. ಕಿವಿಯ ಬಳಿ ಹಿಡಿದು ಮೆಲ್ಲಗೆ ಒತ್ತಿದರು. ಹಚ್ಚಿದರು. ಕಣ್ಣು ಮುಚ್ಚಿ ಹೊಗೆ ಬಿಟ್ಟರು. "ಹದ ಅಂದ್ರೆ ಇದು," ಎಂದರು. "ಶಹಭಾಸ್! ಯಾರು ಇಟ್ಟಿದ್ದು?"

ನಾನು ಬಾಯಿ ತೆರೆದೆ. ಹೆಂಡತಿ ನನ್ನತ್ತ ನೋಡಿದಳು. ಮುಚ್ಚಿದೆ.

"ನಾನು ಚಿಕ್ಕವಳಿದ್ದಾಗಿಂದ ನೀವೇ ಹೇಳ್ತಿದ್ರಲ್ಲ ಅಪ್ಪ," ಎಂದಳು. "ಮರದ ಪೆಟ್ಟಿಗೆ ಇರ್ಬೇಕು, ಸ್ವಲ್ಪ ತೇವ ಇರ್ಬೇಕು, ಯಾರೂ ಮುಚ್ಚಳ ತೆಗೀಬಾರ್ದು ಅಂತ. ಈ ಮನೇಲಿ ಯಾರೂ ಮುಚ್ಚಳ ತೆಗೀದೇ ಇರೋ ಪೆಟ್ಟಿಗೆ ಅಂದ್ರೆ ಇದೊಂದೇ. ನುಸಿ ಗುಳಿಗೆ ಬರೋ ಮುಂಚೆ, ಅವತ್ತು ಬೆಳಗ್ಗೇನೇ ಬದಲಾಯಿಸಿಬಿಟ್ಟೆ. ಇವರಿಗೆ ಆಟಕ್ಕೆ ಅಂತ ಮೂಲೆ ಅಂಗಡಿ ಚುಟ್ಟಕ್ಕೆ ಇವುಗಳ ಪಟ್ಟಿ ಹಾಕಿಟ್ಟಿದ್ದೆ."

ಮೂರು ವರ್ಷ! ದಿನಕ್ಕೆ ಮೂರು ಸಹಿ! ಮೂಲೆ ಅಂಗಡಿಯ ಚುಟ್ಟಕ್ಕೆ! ಒಂದು ಭಾನುವಾರ, ಒಂದೇ ಒಂದು ಭಾನುವಾರ ನಾನು ಸ್ಪ್ಯಾನರ್ ಹುಡುಕಿದ್ದರೆ ಎಲ್ಲ ಹೊರಬೀಳುತ್ತಿತ್ತಲ್ಲ ಎಂದು ಅವಳನ್ನು ಕೇಳಿದೆ. ಆ ಭಯ ತನಗೆ ಒಂದು ದಿನವೂ ಬರಲಿಲ್ಲ ಎಂದಳು.

ಮಾವ ಕೆಮ್ಮು ಬರುವವರೆಗೂ ನಕ್ಕರು. ಆಮೇಲೆ ಚೀಲದಿಂದ ಇನ್ನೊಂದು ಹೊಸ ಪೆಟ್ಟಿಗೆ ತೆಗೆದರು. ತೊಂಬತ್ತನೇ ಹುಟ್ಟುಹಬ್ಬಕ್ಕಂತೆ. ಅಭ್ಯಾಸಬಲದಿಂದ ನಾನು ಎರಡೂ ಕೈ ಚಾಚಿದೆ. ಅವರು ಅದನ್ನು ಮಗಳ ಕೈಗಿಟ್ಟು, ನನ್ನ ಬೆನ್ನು ತಟ್ಟಿದರು. ಹದಿನೆಂಟು, ಅಲ್ಲ, ಇಪ್ಪತ್ತೊಂದು ವರ್ಷಗಳಲ್ಲಿ ಮೊದಲ ಸಲ!

"ಅಳಿಯಂದ್ರೇ, ನಿಮಗೂ ಒಂದು ಕೆಲಸ ಇದೆ," ಎಂದರು. "ಆ ನಲ್ಲಿ ರಿಪೇರಿ ನೀವೇ ಮಾಡ್ಬೇಕು. ಬೇರೆ ಯಾರನ್ನೂ ಕರೀಬೇಡಿ."